ಪಲಗಯ್ಯನ ಹೆಬ್ಬೆರಳು

ಕುಷ್ಟಗಿಯಿಂದ ಯಲಬುರ್ಗಾ, ಕುಕನೂರ ಮೇಲೆ ಹಾಯ್ದು ಕೊಪ್ಪಳಕ್ಕೆ ಹೋಗುವ ಸರ್ವಿಸ್ ಮೋಟಾರಿನಲ್ಲಿ ಮುಂದಿನ ಸೀಟು ಬೇಕಾದರೆ ಮೊದಲು ಡ್ರೈವರಿಗೆ ನಾಲಿಗೆ ತೋರಿಸಬೇಕಿತ್ತು. ವೀರಭದ್ರಯ್ಯನವರು ಬಾಗಿಲ ಹತ್ತಿರ ನಿಂತು, ಹತ್ತುವವರ ಗದ್ದ ಹಿಡಿದು, ಮುಖವನ್ನು ಬಿಸಿಲಿಗೆ ತಿರುಗಿಸಿ, "ಆ... ಅನ್ರಿ" ಎನ್ನುತ್ತಿದ್ದರು. ಜನ ಬೈದುಕೊಳ್ಳುತ್ತಲೇ ಬಾಯಿ ತೆರೆಯುತ್ತಿದ್ದರು.

"ಬೆಳ್ಳಗೈತಿ. ಮೈಯಾಗ ಉಷ್ಣ ಏರೇತಿ. ನೀವು ಹಿಂದ ಗಾಳಿಗೆ ಕುಂದರ್ರಿ."

"ಕರ್ರಗೈತಿ. ನಿನ್ನೆ ಏನ ತಿಂದ್ರಿ? ಹೋಳಗಿ? ಎಷ್ಟ ತುಪ್ಪ ಸುರಕೊಂಡ್ರಿ? ಇವತ್ತ ಒಂದ ಹೊತ್ತು ಲಂಘನ ಮಾಡ್ರಿ."

ಅವರ ಪ್ರಕಾರ ಹುರಿದ ಶೇಂಗಾದ ಬಣ್ಣವೇ ಆರೋಗ್ಯದ ಬಣ್ಣ. ಆ ಬಣ್ಣದ ನಾಲಿಗೆ ಮನುಷ್ಯರಲ್ಲಿ ಅವರಿಗೆ ಒಂದೂ ಸಿಗಲಿಲ್ಲ. ಅದಕ್ಕೇ ಮನುಷ್ಯರ ಮೇಲೆ ಅವರಿಗೆ ಸ್ವಲ್ಪ ನಂಬಿಕೆ ಕಡಿಮೆ ಇತ್ತು ಎಂದು ನನಗೆ ಅನ್ನಿಸುತ್ತದೆ. ಆ ಬಣ್ಣ ಅವರಿಗೆ ಸಿಗುತ್ತಿದ್ದದ್ದು ಮೋಟಾರಿನ ಪ್ಲಗ್ಗಿನ ತುದಿಯಲ್ಲಿ ಮಾತ್ರ.

ಈಗಿನವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಇಂಜಿನ್ನಿನ ತಲೆಯ ಮೇಲೆ ನಾಲ್ಕು ಪ್ಲಗ್ಗುಗಳು ಸಾಲಾಗಿ ಕೂತಿರುತ್ತವೆ. ಒಂದೊಂದರ ತುದಿಯಲ್ಲಿ ಎರಡು ಸಣ್ಣ ಲೋಹದ ಮೊನೆ, ಅವುಗಳ ನಡುವೆ ಒಂದಿಷ್ಟೇ ಸಂದು. ಆ ಸಂದಿನಲ್ಲಿ ಕಿಡಿ ಹಾರಿದರೆ ಪೆಟ್ರೋಲು ಹೊತ್ತಿಕೊಂಡು ಗಾಡಿ ಓಡುತ್ತದೆ. ಹಾರದಿದ್ದರೆ ಎಲ್ಲರೂ ಇಳಿದು ನೂಕಬೇಕು. ಪ್ಲಗ್ ಬಿಚ್ಚಿ ಅದರ ತುದಿಯ ಬಣ್ಣ ನೋಡಿದರೆ ಇಂಜಿನ್ನಿನ ಹೊಟ್ಟೆಯೊಳಗೆ ಏನು ನಡೆದಿದೆ ಎಂದು ತಿಳಿಯುತ್ತದೆ. ಇದು ಎಲ್ಲ ಡ್ರೈವರುಗಳಿಗೂ ಗೊತ್ತಿದ್ದ ವಿಷಯ. ಆದರೆ ವೀರಭದ್ರಯ್ಯನವರಿಗೆ ಅದು ಮನೆತನದ ವಿದ್ಯೆಯಾಗಿತ್ತು.

ಅವರ ತಂದೆ ಇಟಗಿ ಕಡೆಯ ಹಳ್ಳಿಯಲ್ಲಿ ನಾಡವೈದ್ಯರು. ನಾಲಿಗೆ ನೋಡಿ ಔಷಧ ಕೊಡುವುದರಲ್ಲಿ ಹೆಸರಾದವರು. ಮಗ ಪ್ರಾಯಕ್ಕೆ ಬಂದಾಗ ಬೇರು, ನಾರು, ಹಿಪ್ಪಲಿ ತರಲು ಅವನನ್ನು ಗದಗಿಗೆ ಕಳಿಸಿದರಂತೆ. ಗದಗು ಆಗ ಇಂಗ್ಲಿಷರ ಆಳ್ವಿಕೆಯಲ್ಲಿತ್ತು, ನಮ್ಮದು ಮೊಗಲಾಯಿ, ಅಂದರೆ ನಿಜಾಮರ ಸೀಮೆ. ಅಲ್ಲಿ ಒಂದು ಗಿಡದ ಕೆಳಗೆ ಮೋಟಾರು ನಿಂತಿತ್ತು. ಒಬ್ಬ ಮಿಸ್ತ್ರಿ ಏನನ್ನೋ ಬಿಚ್ಚಿ ಬಿಸಿಲಿಗೆ ಹಿಡಿದು ತುದಿ ನೋಡುತ್ತಿದ್ದ.

"ನೋಡಿದ್ಯಾ, ಅಂವಾ ನಮ್ಮಪ್ಪ ನೋಡಿದಂಗ ನೋಡಾಕ ಹತ್ತಿದ್ದ. ಹಂಗ ಹುಬ್ಬ ಗಂಟ ಹಾಕಿ, ಹಂಗ ಹೂಂ ಅಂದು. ನಾ ಕೇಳಿದೆ, ಏನಾಗೇತ್ರಿ ಇದಕ್ಕ? ಅಜೀರ್ಣ ಆಗೇತಿ ಅಂದ. ಅಲ್ಲೇ ಕುಂತಬಿಟ್ಟೆ" ಎಂದು ಅವರೇ ಮುಂದೆ ನನಗೆ ಹೇಳಿದ್ದರು.

ಅವರು ಹಿಪ್ಪಲಿ ತರಲಿಲ್ಲ. ಬಹಳ ಕಾಲ ಕಳೆದು ಊರಿಗೆ ಬಂದಾಗ ಕೈ ತುಂಬ ಎಣ್ಣೆ ಜಿಡ್ಡು. ತಂದೆ ಸಾಯುವತನಕ, "ನನ್ನ ಮಗ ವೈದ್ಯನ ಅದಾನ, ಆದ್ರ ರೋಗಿಗಳು ಹಾರ್ನ್ ಹೊಡಿತಾವ" ಎನ್ನುತ್ತಿದ್ದರಂತೆ. ನಮ್ಮ ಕಡೆ ಪ್ಲಗ್ಗಿಗೆ ಪಲಗು ಎನ್ನುತ್ತಿದ್ದರು. ಹಾಗಾಗಿ ವೀರಭದ್ರಯ್ಯನವರು ಊರಿಗೆಲ್ಲ ಪಲಗಯ್ಯನವರಾದರು.

ಕುಷ್ಟಗಿಯ ಸಾವಕಾರರೊಬ್ಬರು ಹಳೆಯ ಅಮೇರಿಕದ ಮೋಟಾರೊಂದನ್ನು ತಂದು, ಬಡಿಗೇರನ ಕೈಯಲ್ಲಿ ಕಟ್ಟಿಗೆಯ ಮೈ ಕಟ್ಟಿಸಿ, ತಾಡಪತ್ರಿ ಹೊದಿಸಿ ಸರ್ವಿಸ್ ಸುರು ಮಾಡಿದಾಗ ಪಲಗಯ್ಯನವರು ಅದರ ಡ್ರೈವರು, ನಾನು ತಿಕೀಟು ಹರಿಯುವವನು. ನನಗೆ ಅಷ್ಟು ಹೊತ್ತಿಗೆ ಮೀಸೆ ಬಂದಿತ್ತು, ಅಕ್ಷರ ಆಗಷ್ಟೇ ಬಂದಿತ್ತು. ಕುಂಟೆ ಹೊಡೆದುಕೊಂಡಿದ್ದವನು, ಚಿಕ್ಕ ಹುಡುಗರ ಜೊತೆ ಗುಡಿಯ ಪಡಸಾಲೆಯಲ್ಲಿ ಕೂತು ಕಾಗುಣಿತ ಕಲಿತಿದ್ದೆ. ಪಲಗಯ್ಯನವರು ಮೊದಲನೆಯ ದಿನವೇ ನನಗೆ "ಮಾಸ್ತರ" ಎಂದು ಹೆಸರಿಟ್ಟರು. ಅದರಲ್ಲಿ ಅರ್ಧ ಚೇಷ್ಟೆ, ಅರ್ಧ ಪ್ರೀತಿ. ಯಾವ ಅರ್ಧ ಯಾವಾಗ ಎಂದು ಮಾತ್ರ ಹೇಳಲು ಬರುತ್ತಿರಲಿಲ್ಲ.

ಅವರ ಚಿಕಿತ್ಸೆ ಯಾವಾಗಲೂ ಸರಿ ಹೋಗುತ್ತಿತ್ತು ಎಂದು ಹೇಳಿದರೆ ಸುಳ್ಳಾದೀತು. ಒಂದು ಬೇಸಿಗೆಯಲ್ಲಿ ಪ್ಲಗ್ಗುಗಳ ತುದಿ ಸುಣ್ಣದ ಹಾಗೆ ಬೆಳ್ಳಗಾದವು. ಗಾಡಿ ಬಹಳ ಬಿಸಿಯಾಗುತ್ತಿದೆ ಎಂದರು ಅವರು. ಅಷ್ಟರ ಮಟ್ಟಿಗೆ ಅವರ ಮಾತು ನಿಜ. ಆದರೆ ಮದ್ದು ಅವರ ತಂದೆಯದು.

"ಉಷ್ಣಕ್ಕ ಮಜ್ಜಿಗಿಗಿಂತ ಛಲೋದ್ದು ಯಾವುದೈತಿ?" ಎಂದು ಯಲಬುರ್ಗಾದಲ್ಲಿ ಒಂದು ಕೊಡ ಮಜ್ಜಿಗೆ ತರಿಸಿ, ಗಾಡಿಯ ಮುಂದೆ ಇಂಜಿನ್ ತಣಿಸುವ ನೀರು ಹಾಕುವ ಬಾಯಿಗೆ ಸುರಿದರು.

"ಅಯ್ಯಾರ, ಅದು ನೀರು ಕುಡಿಯೂದು," ಎಂದೆ.

"ನೀನೂ ನೀರ ಕುಡಿತಿ. ಮಜ್ಜಿಗಿ ಕೊಟ್ರ ಒಲ್ಲೆ ಅಂತೀಯೇನು?"

ಕುಕನೂರು ದಾಟುವಷ್ಟರಲ್ಲಿ ಮಜ್ಜಿಗೆ ಕುದಿಯಿತು. ಒಡೆದು ಗಟ್ಟಿಯಾಗಿ ಮುಚ್ಚಳ ಹಾರಿಸಿ ಹೊರಗೆ ಬಂತು. ಗಾಳಿಗೆ ಹಿಂದಕ್ಕೆ ಬಂದು ಮುಂದಿನ ಸೀಟಿನ ಇಬ್ಬರು ಅಡತಿ ಅಂಗಡಿಯವರ ರುಮಾಲು, ಕೋಟು, ಮೀಸೆ ಎಲ್ಲದರ ಮೇಲೆ ಬಿತ್ತು. ಕೊಪ್ಪಳ ಮುಟ್ಟುವತನಕ ಗಾಡಿಯಲ್ಲಿ ಒಗ್ಗರಣೆ ಇಲ್ಲದ ಸಾರಿನ ವಾಸನೆ. ಪಲಗಯ್ಯನವರು ಮಾತ್ರ, "ಗಾಡಿ ವಾಂತಿ ಮಾಡಿಕೊಂತು. ಇನ್ನ ಹಗರ ಆಗತೈತಿ" ಎಂದು ಸಮಾಧಾನ ಹೇಳಿದರು. ಹೇಳಿದ್ದು ಆ ಅಡತಿಯವರಿಗೆ.

ಇನ್ನೊಮ್ಮೆ ಕೊಪ್ಪಳದ ತಪಾಸಣೆ ನಾಕೆಯಲ್ಲಿ ಹೊಸದಾಗಿ ಬಂದಿದ್ದ ಪೊಲೀಸ್ ಅಮೀನರೊಬ್ಬರು ಗಾಡಿ ನಿಲ್ಲಿಸಿ, ಜನ ಹೆಚ್ಚಾಗಿದ್ದಾರೆ ಎಂದು ಕೂಗಾಡಿದರು. ಬಾಯಿ ತುಂಬ ಪಾನು. ಪಲಗಯ್ಯನವರು ಕೈ ಕಟ್ಟಿ ನಿಂತು ಎಲ್ಲ ಕೇಳಿ, ಕೊನೆಗೆ, "ಸರಕಾರ, ಒಂದ ಸಲ ನಾಲಗಿ ತೋರಸ್ರಿ" ಎಂದರು. ಅಮೀನರು ಸಿಟ್ಟಿಗೆ ಬಾಯಿ ತೆರೆದೇ ಇದ್ದರು. ಇವರು ಬಗ್ಗಿ ನೋಡಿ, "ಕೆಂಪಗೈತಿ. ಎಲಿ ಅಡಕಿಯಿಂದ ಏನೂ ಓದಾಕ ಬರವಲ್ತು. ತೊಳಕೊಂಡ ಬರ್ರಿ, ನಾ ಕಾಯ್ತೀನಿ" ಎಂದುಬಿಟ್ಟರು. ಅಮೀನರು ಪಾನು ಉಗುಳಿ, ದನಿ ತಗ್ಗಿಸಿ, ಊಟವಾದ ಮೇಲೆ ಎದೆ ಉರಿಯುತ್ತದೆ ಎಂದು ಹೇಳಿಕೊಂಡರು. ಜನ ಹೆಚ್ಚಾದ ವಿಷಯ ಅಲ್ಲಿಗೇ ನಿಂತಿತು.

ಪ್ಲಗ್ ಯಾವಾಗ ಬದಲಿಸಬೇಕು ಎಂಬ ವಿಷಯದಲ್ಲಿ ಮಾತ್ರ ಅವರು ತಮಾಷೆ ಮಾಡುತ್ತಿರಲಿಲ್ಲ. ಅದು ಲಡಾಯಿಯ, ಅಂದರೆ ಎರಡನೆಯ ಮಹಾಯುದ್ಧದ ಕಾಲ. ಪೆಟ್ರೋಲಿಗೆ ಚೀಟಿ, ಸಾಮಾನು ಸಿಗುವುದೇ ಕಷ್ಟ. ಸಾವಕಾರರು ಯಾರನ್ನೋ ಹಿಡಿದು ಗದಗಿನಿಂದ ನಾಲ್ಕು ಹೊಸ ಪ್ಲಗ್ ತರಿಸಿ ಇಟ್ಟಿದ್ದರು. ಗಾಡಿ ಕೆಮ್ಮಿದಾಗಲೆಲ್ಲ ನಾನು, "ಅಯ್ಯಾರ, ಹೊಸವು ಹಾಕೋಣ?" ಎನ್ನುತ್ತಿದ್ದೆ.

"ಕರಗಾತಂತ ತಗೀಬ್ಯಾಡ. ಕರಗಾದ್ದು ತೊಳದ್ರ ಹೋಗತೈತಿ. ಬಿಳೀ ಪಿಂಗಾಣಿ ಸೀಳಿತು ಅಂದ್ರ ತಗಿ. ಇಲ್ಲಾ, ಮೊನಿ ಸವದು ಅಂಚು ದುಂಡಗಾತು ಅಂದ್ರ ತಗಿ. ಕಿಡಿ ಮೂಲಿ ಇದ್ದಲ್ಲಿ ಹಾರತೈತಿ, ದುಂಡಗಾದಲ್ಲಿ ಹಾರೂದಿಲ್ಲ. ಅದಕ್ಕಿಂತ ಮೊದಲ ತಗದ್ರ ಅದು ಬದಲ್ ಮಾಡಿದಂಗಲ್ಲ, ಕೊಂದಂಗ."

ಹೇಗೆ ಬದಲಿಸಬೇಕು ಎಂಬುದನ್ನೂ ಹೀಗೆಯೇ ಹೇಳಿಕೊಟ್ಟರು. ಇಂಜಿನ್ ಆರಿದ ಮೇಲೆ ಬಿಚ್ಚಬೇಕು. ಬಿಚ್ಚುವ ಮುಂಚೆ ಸುತ್ತಲಿನ ಧೂಳು ಒರೆಸಬೇಕು, ಇಲ್ಲದಿದ್ದರೆ ಕಸ ತೂತಿನೊಳಗೆ ಬೀಳುತ್ತದೆ. ಯಾವ ತಂತಿ ಯಾವ ಪ್ಲಗ್ಗಿನದು ಎಂದು ಗುರುತಿಗೆ ಒಂದೊಂದು ಬಣ್ಣದ ದಾರ ಕಟ್ಟಬೇಕು. ಹೊಸದನ್ನು ಕೂಡಿಸುವಾಗ ಮೊದಲು ಬರಿ ಬೆರಳಿನಿಂದಲೇ ತಿರುಗಿಸಬೇಕು, ಪಾನಾ, ಅಂದರೆ ಸ್ಪ್ಯಾನರು, ಮುಟ್ಟುವುದು ಕೊನೆಗೆ, ಅದೂ ಸ್ವಲ್ಪವೇ. "ತಾನ ಒಳಗ ಹೋಗಬೇಕು. ನೀ ನೂಕಬಾರದು. ನೂಕಿದ್ರ ತಿರುಪಿನ ಹಲ್ಲ ಮುರೀತೈತಿ."

ಎಲ್ಲಕ್ಕಿಂತ ದೊಡ್ಡದು ಸಂದು. ಅದಕ್ಕೆ ಅಳತೆಯ ತಗಡು ಬರುತ್ತದೆ ಎಂದು ಕೇಳಿದ್ದೆ, ನೋಡಿರಲಿಲ್ಲ. ಪಲಗಯ್ಯನವರ ಅಳತೆ ತಮ್ಮ ಬಲಗೈ ಹೆಬ್ಬೆರಳಿನ ಉಗುರು. ಅದನ್ನು ಗಾಜಿನ ಚೂರಿನಿಂದ ಕೆರೆದು ತೆಳ್ಳಗೆ ಇಟ್ಟುಕೊಂಡಿದ್ದರು. ಆಗಾಗ ಬಿಸಿಲಿಗೆ ಹಿಡಿದು, ಒಳಗಿನ ಕೆಂಪು ಕಾಣುತ್ತದೆಯೋ ಇಲ್ಲವೋ ನೋಡಿಕೊಳ್ಳುತ್ತಿದ್ದರು. ಆ ಉಗುರನ್ನು ಎರಡು ಮೊನೆಗಳ ನಡುವೆ ತೂರಿಸಿ, ಮೇಲಿನ ಮೊನೆಯನ್ನು ಮೆಲ್ಲಗೆ ಬಡಿದು ಬಗ್ಗಿಸುತ್ತಿದ್ದರು. "ತಾಕಿ ಜಾರಬೇಕು, ಸಿಗಬಾರದು" ಎಂಬುದು ಮಂತ್ರ. ಎಡಗೈ ಹೆಬ್ಬೆರಳು ಈ ಕೆಲಸಕ್ಕೆ ಬರುತ್ತಿರಲಿಲ್ಲ. ಎಂದೋ ಬಾನೆಟ್ಟಿನ ಕೆಳಗೆ ಸಿಕ್ಕು ಅದರ ಉಗುರು ಶುಂಠಿಯ ಹಾಗೆ ಬೆಳೆದಿತ್ತು.

ಈಗ ನನ್ನ ವಿಷಯ ಹೇಳಬೇಕು. ಯಲಬುರ್ಗಾದಲ್ಲಿ ಬಸಲಿಂಗಪ್ಪ ಎಂಬವರಿದ್ದರು. ಅರಳೆ ಅಂಗಡಿಯಲ್ಲಿ ತೂಕ ಮಾಡುವವರು. ಅವರ ಮಗಳು ನೀಲವ್ವನನ್ನು ನನಗೆ ತಂದುಕೊಳ್ಳಬೇಕೆಂದು ನಮ್ಮ ಕಾಕಾ ಕೇಳಿಬಂದಿದ್ದರು. ಆಕೆಯನ್ನು ನಾನು ಮೋಟಾರಿನಲ್ಲಿಯೇ ಎರಡು ಸಲ ನೋಡಿದ್ದೆ. ತಿಕೀಟು ಕೊಡುವಾಗ ಒಂದಕ್ಕೆ ಎರಡು ಹರಿದಿದ್ದೆ. ಬಸಲಿಂಗಪ್ಪನವರು ಕಾಕಾನಿಗೆ ಕೊಟ್ಟ ಉತ್ತರ ತೂಕದ ಕಲ್ಲಿನಂತೆ ಇತ್ತು.

"ಹುಡುಗ ಛಲೋ ಅದಾನ. ಆದ್ರ ತಿಕೀಟ ಹರಿಯಾವ. ಇವತ್ತ ಹರಿತಾನ, ನಾಳಿ ಸಾವಕಾರ ಬ್ಯಾಡಂದ್ರ ಕುಂಟಿ ಹೊಡಿತಾನ. ಡ್ರೈವರ್ ಆಗಿದ್ರ ಮಾತ ಬ್ಯಾರೆ. ಡ್ರೈವರ್ ಆಗಲಿ, ಕೊಡ್ತೀನಿ. ಮುಂದಿನ ಲಗ್ನದ ದಿನಮಾನದ ತನಕ ನೋಡ್ತೀನಿ, ಆಮ್ಯಾಲೆ ಬ್ಯಾರೆ ಕಡೆ ನೋಡ್ತೀನಿ."

ಗಾಡಿ ಒಂದು. ಡ್ರೈವರು ಒಬ್ಬರು. ಅವರು ಪಲಗಯ್ಯನವರು. ಹೀಗಿರುವಾಗ ನಾನು ಎಲ್ಲಿಂದ ಡ್ರೈವರಾಗಬೇಕು? ಗಾಡಿ ಓಡಿಸುವುದನ್ನು ಅವರೇ ಖಾಲಿ ಬಯಲಿನಲ್ಲಿ ಕಲಿಸಿದ್ದರು, ಅದು ಬೇರೆ. ಈ ಮಾತು ಅವರ ಕಿವಿಗೆ ಬಿದ್ದಿತ್ತು. ಆದರೆ ಅವರು ಅದನ್ನು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅವರ ಸೀಟನ್ನು ನಾನು ಬಾಯಿಬಿಟ್ಟು ಕೇಳುವುದು ಹೇಗೆ?

ಹೀಗಿರುವಾಗ ಒಂದು ಸಂಜೆ ಕುಷ್ಟಗಿಯ ಷೆಡ್ಡಿನ ಮುಂದೆ ಗಾಡಿ ಸುರು ಮಾಡುವ ಹ್ಯಾಂಡಲ್ ತಿರುವುವಾಗ ಅದು ಉಲ್ಟಾ ಒದೆಯಿತು. ಪಲಗಯ್ಯನವರ ಬಲ ಹೆಬ್ಬೆರಳು ಜಜ್ಜಿ, ಉಗುರು ಸೀಳಿಹೋಯಿತು. ಅರಿಷಿಣ ಮೆತ್ತಿ, ದೊಡ್ಡದೊಂದು ಪಟ್ಟಿ ಸುತ್ತಿಕೊಂಡು ಬಂದು ಹೇಳಿದರು:

"ಹ್ಯಾಂಡಲ್ ಕಚ್ಚೇತಿ. ನಾಳಿ ನೀನ ಗಾಡಿ ಹೊಡಿ. ನಾ ಬಾಜೂಕ ಕುಂದರ್ತೀನಿ. ಇನ್ನೊಂದು, ಪಲಗಿನ ಅಂಚು ದುಂಡಗಾಗ್ಯಾವು, ಇವತ್ತ ನೋಡೀನಿ. ಮುಂಜಾನೆ ಎದ್ದು ಹೊಸವು ಹಾಕು. ಉಗರಿಲೆ ಸಂದು ನೋಡಿ ಹಾಕು."

"ಆಗಲ್ರಿ."

"ಬಸಲಿಂಗಪ್ಪ ನಾಳಿ ಹೆಂಡ್ತಿ ಮಗಳನ ಕರಕೊಂಡು ಕೊಪ್ಪಳಕ್ಕ ತೊಟ್ಟಿಲ ಕಾರ್ಯಕ್ಕ ಹೊಂಟಾನ" ಎಂದು ಬೇರೆ ಎತ್ತಲೋ ನೋಡುತ್ತ ಹೇಳಿ ಹೋದರು.

ಬೆಳಗ್ಗೆ ನಾನು ಮಾಡಿದ ಕೆಲಸವನ್ನು ಈಗ ನೆನಸಿಕೊಂಡರೂ ಹೆಮ್ಮೆ ಆಗುತ್ತದೆ. ಧೂಳು ಒರೆಸಿದೆ, ದಾರ ಕಟ್ಟಿದೆ, ಬೆರಳಿನಿಂದ ಕೂಡಿಸಿದೆ. ಸಂದನ್ನು ಉಗುರಿನಿಂದಲೇ ನೋಡಿದೆ. ನನ್ನ ಉಗುರಿನಿಂದ. ಹೊಸ ಪ್ಲಗ್ಗಿನ ಸಂದಿನಲ್ಲಿ ಅದು ಹೋಗಲಿಲ್ಲ. ಆದ್ದರಿಂದ ಮೊನೆ ಎತ್ತಿ ಎತ್ತಿ, ಅದು ಹೋಗುವಷ್ಟು ಅಗಲ ಮಾಡಿದೆ. ತಾಕಿ ಜಾರಿತು. ಬಹಳ ಸಂತೋಷವಾಯಿತು.

ಯಲಬುರ್ಗಾದಲ್ಲಿ ಬಸಲಿಂಗಪ್ಪನವರು ಹತ್ತಿದರು. ಸ್ಟೇರಿಂಗಿನ ಹಿಂದೆ ನನ್ನನ್ನು ಕಂಡು ಹುಬ್ಬೇರಿಸಿ, ನನ್ನ ಬೆನ್ನ ಹಿಂದೆಯೇ ಕೂತರು. ಹೆಂಗಸರ ಸಾಲಿನಲ್ಲಿ ನೀಲವ್ವ, ಆಕೆಯ ತಾಯಿ, ಅವರ ನಡುವೆ ತೊಟ್ಟಿಲಿಗೆ ಕಟ್ಟುವ ಬಣ್ಣದ ಗುಬ್ಬಿಗಳ ಬುಟ್ಟಿ. ಸಪಾಟು ರಸ್ತೆಯಲ್ಲಿ ಗಾಡಿ ಹೊಸ ಹೋರಿಯ ಹಾಗೆ ಓಡಿತು. ಬಸಲಿಂಗಪ್ಪನವರು ಒಮ್ಮೆ "ಹೂಂ" ಎಂದದ್ದು ಕೇಳಿಸಿತು. ನಾನು ಬೇಡವಾದಲ್ಲಿ ಕೂಡ ಹಾರ್ನ್ ಒತ್ತಿದೆ.

ಕುಕನೂರು ದಾಟಿ ಎರೆ ಹೊಲ ಮುಗಿದು, ಕೆಂಪು ಮಸಾರಿ ಮಣ್ಣು ಸುರುವಾಗುವಲ್ಲಿ ಒಂದು ಏರು ಇದೆ. ಅದರ ನಡುವೆ ಗಾಡಿ ಕೆಮ್ಮಿತು. ಇನ್ನೊಮ್ಮೆ ಕೆಮ್ಮಿತು. ನಿಂತೇಬಿಟ್ಟಿತು. ಇಳಿಸಿ ಸಪಾಟಿಗೆ ತಂದರೆ ಓಡುತ್ತದೆ, ಏರಿಗೆ ಬಂದರೆ ನಿಲ್ಲುತ್ತದೆ. ಎರಡು ಸಲ ಹಾಗೇ ಆಯಿತು. ಜನ ಇಳಿದು ಜಾಲಿಗಿಡದ ನೆರಳು ಹುಡುಕಿದರು.

ಪಲಗಯ್ಯನವರು ಎಡಗೈಯಿಂದ ಒಂದು ಪ್ಲಗ್ ಬಿಚ್ಚಿ, ಕಣ್ಣಿನ ಮುಂದೆ ಹಿಡಿದು, ಪ್ಲಗ್ ನೋಡುವುದನ್ನು ಬಿಟ್ಟು ನನ್ನ ಮುಖ ನೋಡಿದರು.

"ಮಾಸ್ತರ, ಈ ಸಂದಿನ್ಯಾಗ ಕುರಿ ಹಿಂಡ ಹಾಯತೈತಿ, ಏರಿನ್ಯಾಗ ಕಿಡಿ ಹಾರೂದಿಲ್ಲ. ಯಾರ ಉಗರಿಲೆ ನೋಡಿದಿ?"

"ನನ್ನ ಉಗರಿಲೇ ರಿ."

"ತಾ ಇಲ್ಲಿ." ಅವರು ನನ್ನ ಹೆಬ್ಬೆರಳನ್ನು ಹಿಡಿದು ಬಿಸಿಲಿಗೆ ಎತ್ತಿದರು. ಕುಂಟೆ ಹೊಡೆದ ಕೈ ನನ್ನದು. "ಯಪ್ಪಾ! ಇದು ಉಗರಲ್ಲೋ, ಎತ್ತಿನ ಗೊರಸು! ಇದಕ್ಕ ಲಾಳ ಹೊಡೀಬೇಕು!"

ಜನ ನಕ್ಕರು. ಬಸಲಿಂಗಪ್ಪನವರು ನಗಲಿಲ್ಲ.

"ಹಳೇ ಪಲಗ ಎಲ್ಲಿ ಅದಾವ? ಅವನ್ನ ಹಾಕಿ ಏರು ಹತ್ತಸೋಣು."

"ಷೆಡ್ಡಿನ್ಯಾಗ ಅದಾವರಿ. ಹೊಸವು ಬಂದಾವಂತ ಬಿಟ್ಟ ಬಂದೆ."

ಪಲಗಯ್ಯನವರು ಹಣೆ ಬಡಿದುಕೊಂಡು, ಎಲ್ಲರಿಗೂ ಕೇಳುವ ಹಾಗೆ, "ನೋಡ್ರೆಪಾ ಇವನ್ನ! ಹೊಸದು ಬಂದ ಕೂಡ್ಲೇ ಹಳೇದನ್ನ ಮನ್ಯಾಗ ಬಿಟ್ಟ ಬರೂ ಗಂಡು!" ಎಂದರು. ಹೇಳಿದ ಮೇಲೆ ಯಾರ ಮುಂದೆ ಹೇಳಿದೆನೆಂದು ಅವರಿಗೆ ಹೊಳೆಯಿತು. ಬಸಲಿಂಗಪ್ಪನವರ ಕಡೆ ತಿರುಗಿ, "ಪಲಗಿನ ಮಾತ ಹೇಳಿದೆ ಮತ್ತ" ಎಂದರು. ಬಸಲಿಂಗಪ್ಪನವರು ಮಗಳ ಕಡೆ ನೋಡಿದರು. ಅಲ್ಲಿಗೆ ನನ್ನ ಲಗ್ನ ಆ ಏರಿನಿಂದ ಹಿಂದಕ್ಕೆ ಉರುಳತೊಡಗಿತು ಎಂದೇ ತಿಳಿದೆ.

ಪಲಗಯ್ಯನವರ ಉಗುರು ಪಟ್ಟಿಯೊಳಗೆ ಸೀಳಿತ್ತು. ಬೇರೆ ಉಗುರು ಬೇಕು. ಅವರು ಎಲ್ಲ ಗಂಡಸರನ್ನೂ ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರ ಹೆಬ್ಬೆರಳು ಎತ್ತಿ ಬಿಸಿಲಿಗೆ ಹಿಡಿಯುತ್ತ ನಡೆದರು.

"ಇದು ಕೊಡ್ಲಿ. ಇದು ಗುದ್ಲಿ. ನಿಮ್ಮದೇನ್ರಿ ಇದು, ಪೂರಾ ತಿಂದೀರಿ? ಮನ್ಯಾಗ ಊಟಕ್ಕ ಹಾಕೂದಿಲ್ಲೇನು?" ಎಂದು ಒಬ್ಬ ಬಟ್ಟೆ ವ್ಯಾಪಾರಿಯನ್ನು ಕೇಳಿದರು. ಬಸಲಿಂಗಪ್ಪನವರ ಬೆರಳು ನೋಡಿ, "ತೂಕದ ಕಲ್ಲ ಎತ್ತೆತ್ತಿ ನಿಮ್ಮದೂ ಕಲ್ಲಾಗೇತಿ" ಎಂದರು.

ಆಗ ಹೆಂಗಸರ ಕಡೆಯಿಂದ ದನಿ ಬಂತು. "ಅಯ್ಯಾರ, ಗಂಡಸರದ್ದ ಮುಗೀತೇನ್ರಿ? ಉಗರು ನಮಗೂ ಅದಾವ."

"ಏ ನೀಲಾ, ಸುಮ್ಮ ಕುಂದರು!" ಎಂದರು ಬಸಲಿಂಗಪ್ಪನವರು.

"ಸುಮ್ಮನ ಕುಂದರ್ತೀನಪಾ. ಆದ್ರ ತೊಟ್ಟಲದಾಗ ಹಾಕೂ ಕೂಸು ನಾವು ಹೋಗೂದ್ರಾಗ ಎದ್ದ ನಡದಾಡತೈತಿ."

ಹೆಂಗಸರೆಲ್ಲ ನಕ್ಕರು. ಆಕೆಯ ತಾಯಿಯೂ ಸೆರಗು ಬಾಯಿಗೆ ಒತ್ತಿಕೊಂಡರು. ಬಸಲಿಂಗಪ್ಪನವರು ಹೆಂಡತಿಯ ಕಡೆ ನೋಡಿ, ರಸ್ತೆಯ ಕಡೆ ನೋಡಿ, ಬಿಸಿಲಿನ ಕಡೆ ನೋಡಿ, ಕೊನೆಗೆ ತಾವೇ ಒಂದು ಕಲ್ಲಿನ ಮೇಲೆ ಸುಮ್ಮನೆ ಕೂತರು. ನೀಲವ್ವ ಬಂದು ಹೆಬ್ಬೆರಳನ್ನು ಬಿಸಿಲಿಗೆ ಎತ್ತಿದಳು. ಪಲಗಯ್ಯನವರು ಮುಟ್ಟಲಿಲ್ಲ, ಬಗ್ಗಿ ನೋಡಿದರು.

"ಒಳಗ ಕೆಂಪ ಕಾಣತೈತಿ" ಎಂದರು, ಗುಡಿಯಲ್ಲಿ ಮಾತಾಡುವ ದನಿಯಲ್ಲಿ. "ಇದ, ಇದ ಉಗರು. ಮಾಸ್ತರ, ಪಾನಾ ತಗೊಂಡ ಬಾ."

ಆಕೆ ಪ್ಲಗ್ಗಿನ ಸಂದಿನಲ್ಲಿ ಉಗುರು ತೂರಿಸಿ ಹಿಡಿದಳು. ನಾನು ಎದುರಿಗೆ ಕುಕ್ಕರಗಾಲಿನಲ್ಲಿ ಕೂತು ಮೇಲಿನ ಮೊನೆಯನ್ನು ಪಾನಾದಿಂದ ಬಡಿಯಬೇಕು. ಗಾಡಿಯ ಜನವೆಲ್ಲ ಸುತ್ತ ನಿಂತಿದ್ದರು. ನಾನು ಪಾನಾ ಎತ್ತಿದೆ.

"ಮೆಲ್ಲಕ ಬಡೀರಿ," ಎಂದಳು. "ಇದು ಬೆರಳು, ಗೂಟ ಅಲ್ಲ."

"ನೋವಾತೇನ್ರಿ?"

"ಇನ್ನೂ ಬಡದ ಇಲ್ಲ ನೀವು."

ಮತ್ತೆ ಜನ ನಕ್ಕರು. ನಾನು ಬಡಿದೆ. ಒಂದಾಯಿತು, ಇನ್ನೊಂದಾಯಿತು. ಕೊನೆಯದಕ್ಕೆ ಬರುವಷ್ಟರಲ್ಲಿ ಆಕೆ ಉಗುರು ಎಳೆದು ನೋಡಿ, "ಅಯ್ಯಾರ, ಇದು ತಾಕಿ ಜಾರವಲ್ತು, ಸಿಗಾಕ ಹತ್ತೈತಿ. ಇವರು ಒಂದ ಏಟ ಹೆಚ್ಚಿಗಿ ಹಾಕ್ಯಾರ" ಎಂದು ತಾನೇ ತಿದ್ದಿಸಿದಳು. ಪಲಗಯ್ಯನವರು ನನ್ನ ಕಡೆ ಬಗ್ಗಿ, "ನಿನಗ ಕಲಸಾಕ ನನಗ ಎಷ್ಟ ದಿನ ಹಿಡೀತೋ ಮಾಸ್ತರ! ಈಕಿ ನಿಂತಲ್ಲೇ ಕಲತ್ಲು" ಎಂದರು. ಬೆರಳಿನಿಂದ ಕೂಡಿಸಿದೆ, ತಂತಿ ಸಿಕ್ಕಿಸಿದೆ. ಈ ಸಲ ಗಾಡಿ ಏರನ್ನು ಒಂದೇ ಉಸಿರಿಗೆ ಹತ್ತಿತು.

ಏರಿನ ಮೇಲೆ ಬಸಲಿಂಗಪ್ಪನವರು, "ಗಾಡಿ ನಿಲ್ಲಸು" ಎಂದರು. ನಿಲ್ಲಿಸಿದೆ. ಅವರು ಪಲಗಯ್ಯನವರ ಕಡೆ ಬಗ್ಗಿದರು.

"ಅಯ್ಯಾರ, ನಾ ತೂಗಿ ನೋಡೂ ಮನಿಶಾ. ಎಲ್ಲಾರ ಎದುರಿಗೆ ನನ್ನ ಮಗಳು ಈ ಹುಡುಗನ ಎದುರು ಕುಂತು ಕೆಲಸ ಮಾಡಿದ್ಲು. ನಾಳಿ ಊರಾಗ ಮಾತಾಗತೈತಿ. ಆಗಲಿ, ಅದಕ್ಕ ನಾ ಅಂಜೂದಿಲ್ಲ. ನನಗ ಒಂದ ಹೇಳ್ರಿ. ಇವ ಡ್ರೈವರ್ ಹೌದೋ ಅಲ್ಲೋ? ನಿಮ್ಮ ಹೆಬ್ಬಟ್ಟ ಮಾಯಿದ್ರ ಇವ ಮತ್ತ ತಿಕೀಟ ಹರಿಯಾವ. ಹರಿಯಾವಗ ನಾ ಕೊಡೂದಿಲ್ಲ."

ಇಂಜಿನ್ ಸಣ್ಣಗೆ ಓಡುತ್ತಿತ್ತು. ಪಲಗಯ್ಯನವರು ಅದಕ್ಕೆ ಕಿವಿಗೊಟ್ಟು ಕೇಳಿದರು. ಆಮೇಲೆ ಪಟ್ಟಿ ಸುತ್ತಿದ ಬೆರಳನ್ನು ಎತ್ತಿ ಬಸಲಿಂಗಪ್ಪನವರ ಮುಖದ ಮುಂದೆ ಹಿಡಿದರು.

"ಇದು ಮಾಯೂ ಬಟ್ಟ ಅಲ್ಲ. ಇವತ್ತಿನಿಂದ ಇವನ ಡ್ರೈವರ್. ಸಾವಕಾರರಿಗೆ ನಾ ಹೇಳ್ತೀನಿ."

"ಅಯ್ಯಾರ, ಎಂಟ ದಿನದಾಗ ಮಾಯತೈತ್ರಿ ಅದು!" ಎಂದೆ ನಾನು. ಆ ಮಾತು ಆಡಿದ ನನ್ನ ಬುದ್ಧಿಗೆ ಏನು ಹೇಳಬೇಕೋ ತಿಳಿಯದು. ಆದರೆ ಅವರ ಸೀಟು ಹೋಗುವುದನ್ನು ನೋಡಿ ತಡೆಯಲಾಗಲಿಲ್ಲ.

"ಸುಮ್ಮ ಗಾಡಿ ಹೊಡಿಯಲೇ," ಎಂದರು ಪಲಗಯ್ಯನವರು. "ಬಟ್ಟ ನಂದು. ಅದು ಯಾವಾಗ ಮಾಯಬೇಕು ಅನ್ನೂದು ನನಗ ಗೊತ್ತೈತಿ."

ನನ್ನ ಲಗ್ನವಾಗುವವರೆಗೂ ಅವರು ಪಟ್ಟಿ ಬಿಚ್ಚಲಿಲ್ಲ. ಸಾವಕಾರರ ಮುಂದೆ, ಜನರ ಮುಂದೆ, ನನ್ನ ಮುಂದೆ ಕೂಡ ಆ ಬೆರಳನ್ನು ಎತ್ತಿ ಹಿಡಿದೇ ಓಡಾಡುತ್ತಿದ್ದರು. ಪಟ್ಟಿ ಮಾತ್ರ ದಿನದಿನಕ್ಕೆ ಬೆಳ್ಳಗಾಗುತ್ತಿತ್ತು, ಯಾಕೆಂದರೆ ಒಳಗೆ ಅರಿಷಿಣ ಹಚ್ಚುವ ಗಾಯವೇ ಇರಲಿಲ್ಲ. ಲಗ್ನದಲ್ಲಿ ಅಕ್ಕಿಕಾಳು ಹಾಕುವ ಹೊ‌ತ್ತಿಗೆ ಅವರು ಸಂಭ್ರಮದಲ್ಲಿ ಎರಡೂ ಕೈ ತುಂಬ ಅಕ್ಕಿ ಎತ್ತಿ ಎಸೆದರು. ಪಟ್ಟಿ ಕಳಚಿ ಅಕ್ಕಿಯ ಜೊತೆ ಹಾರಿ ಬಂದು ಬಸಲಿಂಗಪ್ಪನವರ ಕಾಲ ಬಳಿ ಬಿತ್ತು. ಹೆಬ್ಬೆರಳು ಪೂರಾ ಮಾಯ್ದು ಗುಂಡಗಿತ್ತು. ನನ್ನ ಮಾವನವರು ಬಗ್ಗಿ ಪಟ್ಟಿ ಎತ್ತಿಕೊಂಡು, ಅವರ ಹತ್ತಿರ ಹೋಗಿ, ತಾವೇ ಬೆರಳಿಗೆ ಸುತ್ತಿ ಗಂಟು ಹಾಕಿದರು.

"ಜಾರಿತ್ತು, ಅಯ್ಯಾರ. ಬಿಗಿ ಕಟ್ಟಗೋರಿ" ಎಂದರು ಅಷ್ಟೇ.

ಲಗ್ನ ಮುಗಿದ ಮೇಲೆ ಪಲಗಯ್ಯನವರು ತಮ್ಮ ಹಳ್ಳಿಗೆ ಹೋಗಿ ತಂದೆಯ ಹಾಗೆ ಔಷಧ ಕೊಡಲು ಕೂತರು. ಆದರೆ ನಮ್ಮ ಮೋಟಾರು ಬರುವ ಹೊತ್ತಿಗೆ ತಪ್ಪದೆ ಇಟಗಿ ದಾರಿ ಕೂಡುವಲ್ಲಿ ಬಂದು ನಿಲ್ಲುತ್ತಿದ್ದರು. ಹತ್ತುತ್ತಿರಲಿಲ್ಲ. ಗಾಡಿ ದೂರದಿಂದ ಬರುವುದನ್ನು ಕಣ್ಣು ಮುಚ್ಚಿ ಕೇಳುತ್ತಿದ್ದರು. ಎದುರಿಗೆ ಬಂದಾಗ ಬೆರಳು ಎತ್ತುತ್ತಿದ್ದರು, ಒಂದೋ, ಎರಡೋ, ಮೂರೋ. ಅಷ್ಟನೆಯ ಪ್ಲಗ್ ಕೆಟ್ಟಿದೆ, ಬಿಚ್ಚಿ ನೋಡು ಎಂದು ಅರ್ಥ. ಸಂಜೆ ಬಿಚ್ಚಿ ನೋಡಿದರೆ ಬಹಳ ಸಲ ಅದು ಚೆನ್ನಾಗಿಯೇ ಇರುತ್ತಿತ್ತು, ಕೆಟ್ಟದ್ದು ಇನ್ನೊಂದು. ನೀಲವ್ವ, "ಕೆಟ್ಟದ್ದ ತೊಳೀರಿ, ಅವರು ಹೇಳಿದ್ದೂ ತೊಳೀರಿ" ಎನ್ನುತ್ತಿದ್ದಳು. ನಾನು ಎರಡನ್ನೂ ತೊಳೆದು ಹಾಕುತ್ತಿದ್ದೆ. ಮರುದಿನ ಗಾಡಿ ಸಾಪಾಗಿ ಬರುವುದನ್ನು ಕೇಳಿ ಅವರು ಸುತ್ತ ನಿಂತವರಿಗೆ, "ಹೇಳಿದ್ನೋ ಇಲ್ಲೋ?" ಎಂದು ಬೀಗುತ್ತಿದ್ದರು.

ಕಡೆಯ ಸಲ ನೋಡಿದಾಗ ಅವರು ಕಂಬಳಿ ಹೊದ್ದು ಕೂತೇ ಇದ್ದರು, ನಿಂತಿರಲಿಲ್ಲ. ಗಾಡಿ ನಿಲ್ಲಿಸಿ, "ಆರಾಮ ಅದೀರಿಲ್ಲೋ ಅಯ್ಯಾರ?" ಎಂದೆ. "ನನ್ನದೇನ ಕೇಳ್ತಿ? ನಾಕನೇದು ನೋಡು, ಹೋಗು, ಜನಕ್ಕ ಹೊತ್ತಾಗತೈತಿ" ಎಂದು ಬೈದು ಕಳಿಸಿದರು.

ಅದಾದ ಮೇಲೆ ಒಂದು ದಿನ ಅಲ್ಲಿ ಯಾರೂ ಇರಲಿಲ್ಲ. ನಾನು ಗಾಡಿ ನಿಲ್ಲಿಸಿದೆ. ಹಿಂದಿನಿಂದ ಯಾರೋ, "ಯಾಕ್ರೀ ನಿಲ್ಲಿಸಿದ್ರಿ, ಯಾರ ಹತ್ತಾವ್ರು?" ಎಂದರು. ಹಳ್ಳಿಯ ಕಡೆಯಿಂದ ಬರುತ್ತಿದ್ದ ಒಬ್ಬ ಮುದುಕ ಹತ್ತಿರ ಬಂದು, ರುಮಾಲು ತೆಗೆದು, ಸುದ್ದಿ ಹೇಳಿದ. ನಾನು ಗಾಡಿ ಬಿಟ್ಟೆ.

ಆ ಸಂಜೆ ಕುಷ್ಟಗಿಯಲ್ಲಿ ಇಂಜಿನ್ ಆರುವವರೆಗೆ ಕಾಯ್ದು, ಧೂಳು ಒರೆಸಿ ಕೂತೆ. ಯಾವುದನ್ನು ಬಿಚ್ಚಬೇಕೆಂದು ಹೇಳುವವರು ಇರಲಿಲ್ಲ. ಅದಕ್ಕೆ ನಾಲ್ಕನ್ನೂ ಬಿಚ್ಚಿದೆ. ನಾಲ್ಕೂ ಚೆನ್ನಾಗಿದ್ದವು.